ಥಾಮಸ್ ಮನ್ರೋ

ಸರ್ ಥಾಮಸ್ ಮನ್ರೋ (27 ಮೇ 1761 – 6 ಜುಲೈ 1827) ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಈಸ್ಟ್ ಇಂಡಿಯಾ ಕಂಪೆನಿಯ ಸೈನಿಕನಾಗಿ ಭಾರತಕ್ಕೆ ಬಂದ ಕಂದಾಯ ಆಡಳಿತಗಾರ. ಕೆನರಾ ಜಿಲ್ಲೆಯ ಮೊದಲ ಕಲೆಕ್ಟರನಾಗಿಯೂ ಬಳ್ಳಾರಿಯನ್ನೊಳಗೊಂಡ ದತ್ತ ಮಂಡಲದ ಪ್ರಧಾನ ಕಲೆಕ್ಟರನಾಗಿಯೂ ಕೊನೆಗೆ ಮದರಾಸು ಪ್ರಾಂತದ ಗವರ್ನರನಾಗಿಯೂ (1820–1827) ಕೆಲಸ ಮಾಡಿದನು. ಸರಕಾರವು ನಡುವಿನ ಜಮೀನ್ದಾರನಿಲ್ಲದೆ ನೇರವಾಗಿ ಒಕ್ಕಲಿನೊಡನೆ, ಹೊಲವೊಂದೊಂದಕ್ಕೂ ಪ್ರತ್ಯೇಕವಾಗಿ ಕಂದಾಯವನ್ನು ಗೊತ್ತುಪಡಿಸುವ ರೈತವಾರಿ ಪದ್ಧತಿಯು ಇವನ ಹೆಸರಿನೊಡನೆ ಬೆಸೆದುಕೊಂಡಿದೆ. ಮುನ್ರೋ ಎಂದೂ ಬರೆಯುವುದುಂಟು.

ರೈತವಾರಿಯನ್ನು ಮನ್ರೋ ಒಬ್ಬನೇ ಕಂಡುಹಿಡಿದನೆಂದು ಶಾಲಾ ಪುಸ್ತಕಗಳು ಹೇಳುವುದು ಪೂರ್ತಿ ಸರಿಯಲ್ಲ. ಅದರ ಆರಂಭ ಅವನ ಮೇಲಧಿಕಾರಿ ಅಲೆಕ್ಸಾಂಡರ್ ರೀಡನ ಕೈಕೆಳಗೆ ಬಾರಾಮಹಲಿನಲ್ಲಾಯಿತು. ಮನ್ರೋವಿನ ವಿಶೇಷವಿರುವುದು ಬೇರೆಡೆಯಲ್ಲಿ. ಕಂದಾಯ ಹಗುರವಾಗದ ಹೊರತು ಭೂಮಿ ಯಾರದೂ ಆಗದು ಎಂಬುದನ್ನು ಅವನು ಕನ್ನಡ ಕರಾವಳಿಯ ಹಳೆಯ ಲೆಕ್ಕಪತ್ರಗಳಿಂದ ಅರಿತುಕೊಂಡನು. ಆ ಅರಿವನ್ನು ಆಚರಣೆಗೆ ತರಲು ಅವನಿಗೆ ಇಪ್ಪತ್ತು ವರ್ಷ ಹಿಡಿಯಿತು. ತಂದದ್ದೂ ಭಾಗಶಃ ಮಾತ್ರ.

ಬಾಲ್ಯ ಮತ್ತು ಸೈನಿಕ ಜೀವನ

ಮನ್ರೋ ಗ್ಲಾಸ್ಗೋ ನಗರದಲ್ಲಿ ಜನಿಸಿದನು. ತಂದೆ ಅಲೆಕ್ಸಾಂಡರ್ ಮನ್ರೋ ಅಮೆರಿಕದ ವರ್ಜೀನಿಯಾದೊಡನೆ ವ್ಯಾಪಾರ ನಡೆಸುತ್ತಿದ್ದ ವರ್ತಕ. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಓದಿದ ಮಗನು ಕೆಲಕಾಲ ವ್ಯಾಪಾರದ ಮಳಿಗೆಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಕಲಿತನು. ಅಮೆರಿಕದ ಸ್ವಾತಂತ್ರ್ಯ ಯುದ್ಧದಿಂದ ತಂದೆಯ ವ್ಯಾಪಾರ ಕುಸಿದುಬಿದ್ದಾಗ ಮಗನಿಗೆ ಮನೆತನದ ವೃತ್ತಿ ಇಲ್ಲದಾಯಿತು. 1779ರಲ್ಲಿ ಕಂಪೆನಿಯ ಕಾಲಾಳು ಪಡೆಯಲ್ಲಿ ಕೆಡೆಟ್ ಆಗಿ ನೇಮಕಗೊಂಡು 1780ರ ಜನವರಿಯಲ್ಲಿ ಮದರಾಸಿಗೆ ಬಂದಿಳಿದನು.

ಅದೇ ವರ್ಷ ಹೈದರ್ ಅಲಿ ಕರ್ನಾಟಿಕ್ ಪ್ರದೇಶದ ಮೇಲೆ ದಂಡೆತ್ತಿ ಬಂದನು. ಎರಡನೆಯ ಮೈಸೂರು ಯುದ್ಧದಲ್ಲೂ 1790–92ರ ಮೂರನೆಯ ಮೈಸೂರು ಯುದ್ಧದಲ್ಲೂ ಮನ್ರೋ ಭಾಗವಹಿಸಿದನು. ನಡುವಿನ ವರ್ಷಗಳಲ್ಲಿ ಹಿಂದೂಸ್ತಾನಿ ಮತ್ತು ಪಾರಸಿ ಭಾಷೆಗಳನ್ನು ಶ್ರದ್ಧೆಯಿಂದ ಕಲಿತನು. ಈ ಭಾಷಾಜ್ಞಾನವೇ ಅವನನ್ನು ಬಂದೂಕಿನಿಂದ ಲೆಕ್ಕದ ಪುಸ್ತಕಕ್ಕೆ ಒಯ್ದಿತು. ಕಂಪೆನಿಯ ಸಿವಿಲ್ ನೌಕರರಲ್ಲಿ ದೇಶಭಾಷೆ ಬಲ್ಲವರು ಆಗ ವಿರಳವಾಗಿದ್ದರು.

ಸ್ವದೇಶದ ಭೂತೆರಿಗೆ

ಮನ್ರೋವಿನ ಕೆಲಸವನ್ನು ಅಳೆಯುವ ಮೊದಲು ಅವನು ಬಿಟ್ಟುಬಂದ ದೇಶದಲ್ಲಿ ಭೂಮಿಯ ಮೇಲಿನ ತೆರಿಗೆ ಹೇಗಿತ್ತೆಂಬುದನ್ನು ತಿಳಿಯುವುದು ಉಪಯುಕ್ತ. ಇಂಗ್ಲೆಂಡಿನಲ್ಲಿ 1692ರಲ್ಲಿ ಭೂಮಿಯ ವಾರ್ಷಿಕ ಗೇಣಿಯನ್ನು ಅಂದಾಜು ಮಾಡಿ ಪೌಂಡಿಗೆ ನಾಲ್ಕು ಷಿಲಿಂಗಿನಂತೆ, ಅಂದರೆ ಐದರಲ್ಲೊಂದು ಪಾಲು ತೆರಿಗೆ ವಿಧಿಸಿದರು. ಕೆಲವೇ ವರ್ಷಗಳಲ್ಲಿ ಅದು ಪ್ರತಿ ಜಿಲ್ಲೆಗೂ ಗೊತ್ತಾದ ಒಂದು ಮೊತ್ತವಾಗಿ ಗಟ್ಟಿಗೊಂಡಿತು. ಗೇಣಿ ಏರಿದರೂ ಅಂದಾಜು ಏರಲಿಲ್ಲ. ಸ್ಕಾಟ್ಲೆಂಡಿನಲ್ಲಿ ಇದಕ್ಕೆ ಸೆಸ್ ಎಂದು ಹೆಸರು. 1667ರ ಹೊತ್ತಿಗೆ ನಿಂತ ಹಳೆಯ ಮೌಲ್ಯಮಾಪನವೇ ಅದಕ್ಕೆ ಆಧಾರವಾಗಿತ್ತು. ಜಮೀನುದಾರರೇ ಕಮಿಷನರುಗಳಾಗಿ ಕುಳಿತು ಅದನ್ನು ಹಂಚಿ ಎತ್ತುತ್ತಿದ್ದರು. 1707ರಲ್ಲಿ ಎರಡು ರಾಜ್ಯಗಳು ಒಂದಾದಾಗ, ಇಂಗ್ಲೆಂಡು ಸುಮಾರು 20 ಲಕ್ಷ ಪೌಂಡು ಭೂತೆರಿಗೆ ಎತ್ತಿದ ವರ್ಷ ಸ್ಕಾಟ್ಲೆಂಡು 48,000 ಪೌಂಡು ಕೊಟ್ಟರೆ ಸಾಕೆಂದು ಒಪ್ಪಂದದ ಒಂಬತ್ತನೆಯ ಕಲಮಿನಲ್ಲೇ ಬರೆದರು.

ಹೀಗೆ ನಿಂತುಹೋದ ತೆರಿಗೆಯು ಬೆಲೆಗಳು ಏರಿದಂತೆ ತಾನಾಗಿ ಹಗುರವಾಗುತ್ತ ಹೋಯಿತು. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ 1764ರವರೆಗೆ ಅಧ್ಯಾಪಕನಾಗಿದ್ದ ಆಡಂ ಸ್ಮಿತ್ ತನ್ನ 1776ರ ಪ್ರಸಿದ್ಧ ಗ್ರಂಥದಲ್ಲಿ ಈ ಸ್ಥಿರ ಭೂತೆರಿಗೆಯ ಗುಣದೋಷಗಳನ್ನು ಚರ್ಚಿಸಿದ್ದಾನೆ. 1798ರಲ್ಲಿ ಪ್ರಧಾನಿ ಪಿಟ್ ಅದನ್ನು ಶಾಶ್ವತವೆಂದು ಕಾನೂನು ಮಾಡಿ, ಇಡುಗಂಟು ಕಟ್ಟಿ ತೆರಿಗೆಯಿಂದ ಬಿಡಿಸಿಕೊಳ್ಳುವ ಅವಕಾಶವನ್ನೂ ಕೊಟ್ಟನು. ಅದಕ್ಕೆ ಐದು ವರ್ಷ ಮೊದಲು, 1793ರಲ್ಲಿ, ಕಾರ್ನ್‌ವಾಲಿಸ್ ಬಂಗಾಳದಲ್ಲಿ ಜಮೀನ್ದಾರರೊಡನೆ ಶಾಶ್ವತ ಕಂದಾಯದ ಏರ್ಪಾಡು ಮಾಡಿದ್ದನು. ಎರಡೂ ಒಂದೇ ಬಗೆಯಂತೆ ಕಂಡರೂ ಅಂತರ ದೊಡ್ಡದು. ಬ್ರಿಟನ್ನಿನ ಭೂತೆರಿಗೆ ಒಡೆಯನ ಗೇಣಿಯಲ್ಲಿ ಒಂದು ಪಾಲಾಗಿತ್ತು. ಭಾರತದಲ್ಲಿ ಸರಕಾರವು ಗೇಣಿಯೆಲ್ಲವೂ ತನ್ನದೇ ಎಂಬ ನೆಲೆಯಿಂದ ಲೆಕ್ಕ ಆರಂಭಿಸುತ್ತಿತ್ತು.

ಬಾರಾಮಹಲು (1792–1799)

ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನನು ಬಿಟ್ಟುಕೊಟ್ಟ ಸೀಮೆಗಳಲ್ಲಿ ಬಾರಾಮಹಲು ಒಂದು. ಇಂದಿನ ತಮಿಳುನಾಡಿನ ಕೃಷ್ಣಗಿರಿ, ಧರ್ಮಪುರಿ ಪ್ರದೇಶಗಳು ಇದರಲ್ಲಿದ್ದವು. ಕ್ಯಾಪ್ಟನ್ ರೀಡನಿಗೆ ಅದರ ಆಡಳಿತವನ್ನು ಒಪ್ಪಿಸಿ, ಸಹಾಯಕರಾಗಿ ಮನ್ರೋ ಸಹಿತ ಮೂವರು ಸೈನಿಕಾಧಿಕಾರಿಗಳನ್ನು ಕೊಟ್ಟರು. ಧರ್ಮಪುರಿಯಲ್ಲಿ ನೆಲಸಿದ ಮನ್ರೋ ಏಳು ವರ್ಷ ಹಳ್ಳಿಯಿಂದ ಹಳ್ಳಿಗೆ ತಿರುಗಿ ಹೊಲ ಅಳೆಸುವುದನ್ನೂ ಜಮಾಬಂದಿಯನ್ನೂ ಕಲಿತನು. ಗುತ್ತಿಗೆದಾರನು ಮೊತ್ತ ಕಟ್ಟಿ ಹಳ್ಳಿಯನ್ನು ಹಿಂಡುವುದಕ್ಕಿಂತ ಒಕ್ಕಲಿನ ಹೆಸರಿಗೇ ಪಟ್ಟಾ ಕೊಟ್ಟು ಅವನಿಂದಲೇ ಕಂದಾಯ ಪಡೆಯುವುದು ಮೇಲೆಂಬ ನಿಲುವು ಇಲ್ಲಿ ರೂಪುಗೊಂಡಿತು.

ಕೆನರಾ (1799–1800)

1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ರಾಜ್ಯದ ಹಂಚಿಕೆಗೆ ನೇಮಕವಾದ ಆಯೋಗಕ್ಕೆ ಮನ್ರೋ ಮತ್ತು ಜಾನ್ ಮಾಲ್ಕಂ ಕಾರ್ಯದರ್ಶಿಗಳಾಗಿದ್ದರು. ಅದು ಮುಗಿದೊಡನೆ ಮನ್ರೋವನ್ನು ಕಂಪೆನಿಯ ಪಾಲಿಗೆ ಬಂದ ಕೆನರಾಕ್ಕೆ ಕಳುಹಿಸಿದರು. ಇಂದಿನ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಮತ್ತು ಕಾಸರಗೋಡು ಸೀಮೆಗಳೆಲ್ಲ ಸೇರಿ ಒಂದೇ ಜಿಲ್ಲೆ. ಅವನಿಗೆ ಇಲ್ಲಿಗೆ ಬರುವ ಮನಸ್ಸಿರಲಿಲ್ಲ. ಕರಾವಳಿಯ ಎಡೆಬಿಡದ ಮಳೆ ಅವನಿಗೆ ಹಿಡಿಸಲೂ ಇಲ್ಲ. ಆದರೂ ಒಂದು ವರ್ಷಕ್ಕೆ ಸ್ವಲ್ಪ ಮೀರಿದ ಈ ಅವಧಿಯಲ್ಲಿ ಬರೆದ ವರದಿಗಳು ಅವನ ಬರವಣಿಗೆಯಲ್ಲೇ ಹೆಚ್ಚು ಬೆಲೆಯುಳ್ಳವು.

ಬಂದ ಹೊಸದರಲ್ಲಿ ಒಕ್ಕಲುಗಳು ಜಮಾಬಂದಿಗೆ ಬರಲೊಪ್ಪಲಿಲ್ಲ. ರಾಜ್ಯ ಬದಲಾದ ಹೊತ್ತಿನಲ್ಲಿ ಒಟ್ಟಾಗಿ ನಿಂತರೆ ಹಳೆಯ ಹೇರಿಕೆಗಳನ್ನು ಇಳಿಸಿಕೊಳ್ಳಬಹುದೆಂಬುದು ಅವರ ಲೆಕ್ಕ. ಅದು ಅವಿವೇಕದ ಲೆಕ್ಕವೇನೂ ಆಗಿರಲಿಲ್ಲ. ವಿಟ್ಲದ ಹೆಗ್ಗಡೆ ಬಂಡೆದ್ದು 1800ರಲ್ಲಿ ಮರಣದಂಡನೆಗೆ ಗುರಿಯಾದನು. ಘಟ್ಟದ ಮೇಲೆ ಧೋಂಡಿಯ ವಾಘನ ಬೆನ್ನಟ್ಟಿದ್ದ ಆರ್ಥರ್ ವೆಲ್ಲೆಸ್ಲಿಯ ಸೈನ್ಯಕ್ಕೆ ಕೆನರಾದಿಂದ ಅಕ್ಕಿ ಒದಗಿಸುವ ಹೊಣೆಯೂ ಮನ್ರೋವಿನ ಮೇಲಿತ್ತು.

ಇವೆಲ್ಲದರ ನಡುವೆ ಅವನು ಹಳೆಯ ಲೆಕ್ಕಗಳನ್ನು ತರಿಸಿ ಓದಿಸಿದನು. ಅವು ಹೇಳಿದ ಕಥೆ ಬಾರಾಮಹಲಿನಲ್ಲಿ ಕೇಳಿದಂತಿರಲಿಲ್ಲ. ವಿಜಯನಗರದ ಮೊದಲ ಅರಸ ಹರಿಹರನ ಕಾಲದಲ್ಲಿ ಕಂದಾಯಕ್ಕೆ ಒಂದು ಕ್ರಮ ಏರ್ಪಟ್ಟಿತೆಂದು ಆ ಲೆಕ್ಕಗಳು ಹೇಳುತ್ತಿದ್ದವು. ಅದರಂತೆ ಬೆಳೆಯಲ್ಲಿ ಅರ್ಧ ಉಳುವವನಿಗೆ, ಕಾಲು ಒಡೆಯನಿಗೆ, ಉಳಿದ ಕಾಲು ಸರಕಾರಕ್ಕೆ. ದೇವರ ಮತ್ತು ಬ್ರಾಹ್ಮಣರ ಪಾಲು ಸರಕಾರದ ಕಾಲಿನಲ್ಲೇ ಸೇರಿತ್ತು. ಹೀಗೆ ಗೊತ್ತಾದ ಮೊತ್ತಕ್ಕೆ ರೇಖೆ ಎಂದು ಹೆಸರು. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕನು ಶಿಸ್ತನ್ನು ಜಾರಿಗೆ ತಂದನು. ಕೆಳದಿಯವರ ಕಾಲದಲ್ಲಿ ರೇಖೆಯ ಮೇಲೆ ಅರ್ಧದಷ್ಟು ಹೆಚ್ಚಳವಾಯಿತು. ಅಷ್ಟಾದರೂ ಭೂಮಿಗೆ ಬೆಲೆಯಿತ್ತು. 1763ರ ನಂತರ ಹೈದರ್, ಆಮೇಲೆ ಟಿಪ್ಪು ಸೇರಿಸಿದ ಬಾಬ್ತುಗಳಿಗೆ ಶಾಮಿಲು ಎಂದು ಹೆಸರಾಯಿತು. ಈ ಶಾಮಿಲು ಒಡೆಯನ ಗೇಣಿಯನ್ನೇ ನುಂಗಿದ ಕಡೆಗಳಲ್ಲಿ ಭೂಮಿ ಮಾರಾಟವಾಗುವುದು ನಿಂತಿತ್ತು, ಹಲವರು ಭೂಮಿ ಬಿಟ್ಟು ಹೋಗಿದ್ದರು.

ಕೆನರಾದ ವರ್ಗದಾರನು ತನ್ನ ಭೂಮಿಯನ್ನು ಮಾರಬಹುದು, ಅಡವಿಡಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು. ಅವನ ಕೆಳಗೆ ಎಂದೂ ಬಿಡಿಸಲಾಗದ ಮೂಲಗೇಣಿಯ ಒಕ್ಕಲು, ಅವಧಿ ಮುಗಿದೊಡನೆ ಬಿಡಿಸಬಹುದಾದ ಚಾಲಗೇಣಿಯ ಒಕ್ಕಲು ಇದ್ದರು. ಇದು ಇಂಗ್ಲೆಂಡಿನ ಭೂಒಡೆತನಕ್ಕೆ ಯಾವ ರೀತಿಯಲ್ಲೂ ಕಡಿಮೆಯಲ್ಲದ ಖಾಸಗಿ ಸ್ವತ್ತು ಎಂದು ಮನ್ರೋ ಸರಕಾರಕ್ಕೆ ತಿಳಿಸಿದನು. ಪೂರ್ವದೇಶಗಳಲ್ಲಿ ನೆಲವೆಲ್ಲ ಅರಸನದೇ ಎಂದು ನಂಬಿದ್ದ ಅಧಿಕಾರಿಗಳಿಗೆ ಇದು ಹೊಸ ಸುದ್ದಿ. ಒಡೆತನವು ಉಳಿದುಬಂದದ್ದಕ್ಕೆ ಅವನು ಕೊಟ್ಟ ಕಾರಣವೂ ಮುಖ್ಯವಾದದ್ದು: ಕಂದಾಯವು ಬಹುಕಾಲ ಸ್ಥಿರವಾಗಿಯೂ ಮಿತವಾಗಿಯೂ ಇದ್ದುದರಿಂದ ಒಡೆಯನ ಕೈಯಲ್ಲಿ ಏನಾದರೂ ಮಿಗುತ್ತಿತ್ತು. ಮಿಗತೆಯೇ ಇಲ್ಲದ ಹೊಲವನ್ನು ಯಾರು ಕೊಳ್ಳುತ್ತಾರೆ? ಸ್ಕಾಟ್ಲೆಂಡಿನ ಜಮೀನುದಾರನ ಸ್ಥಿರವಾದ ಸೆಸ್ಸೂ ಕನ್ನಡ ಕರಾವಳಿಯ ರೇಖೆಯೂ ಸಾವಿರಾರು ಮೈಲಿಗಳ ಅಂತರದಲ್ಲಿ ಇದೇ ಪಾಠವನ್ನು ಹೇಳುತ್ತಿದ್ದವು.

ಮನ್ರೋ ತಾನು ಮಾಡಿದ ಜಮಾಬಂದಿಯಲ್ಲಿ ಟಿಪ್ಪುವಿನ ಕಾಲದ ಕೊನೆಯ ಹೇರಿಕೆಗಳನ್ನು ಕಳೆದನಾದರೂ ಹಳೆಯ ರೇಖೆಯ ಮಟ್ಟಕ್ಕೆ ಇಳಿಸಲಿಲ್ಲ. ಕಂಪೆನಿಯ ಬೊಕ್ಕಸಕ್ಕೆ ಅದು ಒಪ್ಪಿಗೆಯಾಗುವಂತಿರಲಿಲ್ಲ. 1800ರ ಕೊನೆಗೆ ಅವನು ಹೊರಟ ಮೇಲೆ ಜಿಲ್ಲೆಯನ್ನು ಉತ್ತರ, ದಕ್ಷಿಣವೆಂದು ಇಬ್ಬರು ಕಲೆಕ್ಟರುಗಳಿಗೆ ಹಂಚಿದರು. ಧಾನ್ಯದ ಬೆಲೆ ಕುಸಿದು ಕಂದಾಯ ಕಟ್ಟುವುದು ದುಸ್ಸಾಧ್ಯವಾದಾಗ, 1830–31ರಲ್ಲಿ ಕೆನರಾದ ರೈತರು ಕೂಟಗಳಾಗಿ ಸೇರಿ ತೀರ್ವೆ ಕೊಡಲು ನಿರಾಕರಿಸಿದರು. ಅದನ್ನು ವಿಚಾರಿಸಿದ ಸ್ಟೋಕ್ಸ್ 1833ರಲ್ಲಿ ವರದಿ ಕೊಡುವಾಗ ಮನ್ರೋವಿನ ಜಮಾಬಂದಿಯ ಲೆಕ್ಕಗಳನ್ನು ಮತ್ತೆ ಕೆದಕಬೇಕಾಯಿತು.

ದತ್ತ ಮಂಡಲ (1800–1807)

1800ರ ಅಕ್ಟೋಬರಿನಲ್ಲಿ ಹೈದರಾಬಾದಿನ ನಿಜಾಮನು ತನ್ನಲ್ಲಿದ್ದ ಕಂಪೆನಿಯ ಪಡೆಯ ಖರ್ಚಿಗಾಗಿ ತುಂಗಭದ್ರೆಯ ದಕ್ಷಿಣದ ಸೀಮೆಯನ್ನು ಬಿಟ್ಟುಕೊಟ್ಟನು. ಬಳ್ಳಾರಿ, ಹೊಸಪೇಟೆ, ಕೂಡ್ಲಿಗಿ, ಹೂವಿನಹಡಗಲಿ, ಹರಪನಹಳ್ಳಿಗಳೂ ಈಗ ಆಂಧ್ರದಲ್ಲಿರುವ ಆದವಾನಿ, ರಾಯದುರ್ಗ, ಅನಂತಪುರ, ಕಡಪಗಳೂ ಇದರಲ್ಲಿ ಸೇರಿದ್ದವು. ಕನ್ನಡ, ತೆಲುಗು ಬೆರೆತ ಈ ಒಣನಾಡಿನಲ್ಲಿ ಆಗ ಸುಮಾರು 80 ಮಂದಿ ಪಾಳೆಯಗಾರರಿದ್ದರು. ಪ್ರಧಾನ ಕಲೆಕ್ಟರನಾದ ಮನ್ರೋ ಅನಂತಪುರವನ್ನು ನೆಲೆ ಮಾಡಿಕೊಂಡು, ವರ್ಷದ ಬಹುಭಾಗ ಡೇರೆಯಲ್ಲೇ ಕಳೆಯುತ್ತ ಪಾಳೆಯಗಾರರನ್ನು ಒಬ್ಬೊಬ್ಬರನ್ನಾಗಿ ಅಡಗಿಸಿದನು. ಕೆಲವರಿಗೆ ಪಿಂಚಣಿ ಕೊಟ್ಟನು, ಕೆಲವರನ್ನು ಸೀಮೆಯಿಂದ ಹೊರಹಾಕಿದನು. ಅದರಲ್ಲಿ ಅವನು ತೋರಿದ ಬಿಗಿಯನ್ನು ಲಂಡನ್ನಿನ ನಿರ್ದೇಶಕರೇ ಒಪ್ಪದೆ ಆಕ್ಷೇಪಿಸಿದರು.

1802ರಿಂದ 1806ರವರೆಗೆ ನಡೆದ ಮೋಜಣಿ ಅವನ ದೊಡ್ಡ ಕೆಲಸ. ಅಳತೆ ಬಲ್ಲ ನಾಲ್ವರು ಗುಮಾಸ್ತರಿಂದ ಮೊದಲಾಗಿ, ಸ್ಥಳೀಯರಿಗೆ ಕಲಿಸುತ್ತ ಹೋಗಿ ಸುಮಾರು ನೂರು ಮಂದಿ ಮೋಜಣಿದಾರರು ಸಿದ್ಧರಾದರು. ಅಳೆದ ಎಕರೆಗೆ ಇಷ್ಟೆಂದು ಸಂಬಳ. ಬೇಗ ಅಳೆದು ಹೆಚ್ಚು ಗಳಿಸುವ ಆಸೆಗೆ ಲೆಕ್ಕ ಕೆಡಬಾರದೆಂದು ಅಳೆದುದನ್ನು ಮತ್ತೆ ಅಳೆದು ನೋಡುವ ಪರೀಕ್ಷಕರನ್ನೂ ನೇಮಿಸಿದನು. ಅಳತೆಗೆ 33 ಅಡಿ ಉದ್ದದ ಸರಪಳಿ. ಅದರ ಒಂದು ಚೌಕ, ಅಂದರೆ 1,089 ಚದರಡಿ, ಒಂದು ಗುಂಟೆ. 40 ಗುಂಟೆ ಒಂದು ಎಕರೆ. ಇಂದಿಗೂ ಕರ್ನಾಟಕದ ಪಹಣಿಯಲ್ಲಿ ಎಕರೆ–ಗುಂಟೆಗಳಲ್ಲಿ ಭೂಮಿಯ ವಿಸ್ತೀರ್ಣ ನಮೂದಾಗುವುದನ್ನು ಓದುಗರು ಗಮನಿಸಬಹುದು.

ಅಳತೆಯ ಬಳಿಕ ಖುಷ್ಕಿ, ತರಿ, ಬಾಗಾಯ್ತು ಎಂದು ವಿಂಗಡಿಸಿ, ಮಣ್ಣಿನ ಗುಣ ನೋಡಿ, ಪ್ರತಿಯೊಂದು ಹೊಲಕ್ಕೂ ದರ ಕಟ್ಟಿದರು. ಶಾನುಭೋಗರೂ ಗೌಡರೂ ಹಿರಿಯ ಒಕ್ಕಲುಗಳೂ ಸೇರಿ ಹೊಲದ ತರಗತಿಯನ್ನು ಹೇಳಬೇಕಿತ್ತು. ಕಾಗದದ ಮೇಲೆ ಇದಕ್ಕಿಂತ ನ್ಯಾಯವಾದ ಕ್ರಮವಿಲ್ಲ. ಆದರೆ ಎಷ್ಟು ಎತ್ತಬೇಕೆಂಬುದೇ ಬೇರೆ ಪ್ರಶ್ನೆ. ಒಟ್ಟು ಬೆಳೆಯ ನೂರಕ್ಕೆ ಸುಮಾರು 45 ಪಾಲು ಸರಕಾರಕ್ಕೆ ಸಲ್ಲುವಂತೆ ದರಗಳು ಬಿದ್ದವು. ನೂರು ಖಂಡುಗ ಜೋಳ ಬೆಳೆದವನು ನಲವತ್ತೈದು ಖಂಡುಗದ ಬೆಲೆಯನ್ನು ನಗದಾಗಿ ಕಟ್ಟಿ, ಉಳಿದುದರಲ್ಲಿ ಬೀಜ, ಎತ್ತು, ಆಳು, ಮನೆ ಎಲ್ಲವನ್ನೂ ನೋಡಿಕೊಳ್ಳಬೇಕು. ಇಂಗ್ಲೆಂಡಿನ ಜಮೀನುದಾರನು ಕೊಡುತ್ತಿದ್ದುದು ನೂರು ವರ್ಷದ ಹಿಂದಿನ ಗೇಣಿಯ ಐದರಲ್ಲೊಂದು ಪಾಲು. ಮನ್ರೋವಿನ ಏಳು ವರ್ಷಗಳಲ್ಲಿ ದತ್ತ ಮಂಡಲದ ಭೂಕಂದಾಯವು ಸುಮಾರು 10 ಲಕ್ಷ ಸ್ಟಾರ್ ಪಗೋಡಗಳಿಂದ ಸುಮಾರು 15 ಲಕ್ಷಕ್ಕೆ ಏರಿತು. ಮಳೆ ಕೈಕೊಟ್ಟ ವರ್ಷಗಳೂ ಅದರಲ್ಲಿದ್ದವು.

ಇದು ಭಾರವೆಂಬುದು ಅವನಿಗೇ ಗೊತ್ತಿತ್ತು. 1807ರ ಆಗಸ್ಟ್ 15ರಂದು ಸಲ್ಲಿಸಿದ ವರದಿಯಲ್ಲಿ ಮೋಜಣಿಯ ದರವನ್ನು ಎಲ್ಲ ಹೊಲಗಳಿಗೂ ನೂರಕ್ಕೆ 25ರಂತೆ ಇಳಿಸಬೇಕು, ಬಾವಿಯ ನೀರಿನಿಂದ ಬೆಳೆಯುವ ತೋಟಗಳಿಗೆ ಇನ್ನೂ 8 ಇಳಿಸಬೇಕು ಎಂದು ಸೂಚಿಸಿದನು. ಹಾಗೆ ಮಾಡಿದರೆ ಸರಕಾರದ ಪಾಲು ಒಟ್ಟು ಬೆಳೆಯ ಮೂರರಲ್ಲೊಂದಕ್ಕೆ ಇಳಿಯುತ್ತಿತ್ತು. ಒಕ್ಕಲು ತನ್ನ ಶಕ್ತಿಯಂತೆ ವರ್ಷಕ್ಕೊಮ್ಮೆ ಹೊಲವನ್ನು ಬಿಡುವ ಇಲ್ಲವೆ ಹೊಸದನ್ನು ಹಿಡಿಯುವ ಸ್ವಾತಂತ್ರ್ಯ ಇರಬೇಕು, ಗೊತ್ತಾದ ಕಂದಾಯ ಕೊಡುವವರೆಗೆ ಅವನನ್ನು ಹೊಲದ ಒಡೆಯನೆಂದೇ ಎಣಿಸಬೇಕು ಎಂಬುದೂ ಅದರಲ್ಲಿತ್ತು. ಈ ಬಯಲುಸೀಮೆಯಲ್ಲಿ ಇನಾಮು ಭೂಮಿಗಳನ್ನು ಬಿಟ್ಟರೆ ಕೆನರಾದಂಥ ಖಾಸಗಿ ಒಡೆತನ ಇರಲಿಲ್ಲವೆಂಬುದು ಅವನ ಅಭಿಪ್ರಾಯ. ಇಲ್ಲದ ಒಡೆತನವನ್ನು ಹುಟ್ಟಿಸಲು ಕಂದಾಯ ಇಳಿಸುವುದೊಂದೇ ದಾರಿಯೆಂದು ಅವನು ವಾದಿಸಿದನು.

ಮದರಾಸು ಸರಕಾರವು ಆದಾಯ ಬಿಡಲೊಪ್ಪಲಿಲ್ಲ. ಮನ್ರೋ ರಜೆಯ ಮೇಲೆ ಸ್ವದೇಶಕ್ಕೆ ಹೊರಟ ಬೆನ್ನಿಗೇ ರೈತವಾರಿಯನ್ನು ಕೈಬಿಟ್ಟು ಹಳ್ಳಿಗಳನ್ನು ಮೊದಲು ಮೂರು ವರ್ಷ, ಆಮೇಲೆ ಹತ್ತು ವರ್ಷ ಗುತ್ತಿಗೆಗೆ ಕೊಟ್ಟಿತು. ಗುತ್ತಿಗೆ ಹಿಡಿದ ಅನೇಕರು ಮೊತ್ತ ಕಟ್ಟಲಾರದೆ ಹಾಳಾದರು.

ಇಂಗ್ಲೆಂಡಿನಲ್ಲಿ; ಮತ್ತೆ ಭಾರತದಲ್ಲಿ

ಕಂಪೆನಿಯ ಸನ್ನದನ್ನು ನವೀಕರಿಸುವ ಸಂದರ್ಭದಲ್ಲಿ ಪಾರ್ಲಿಮೆಂಟು ಕರೆದು ಕೇಳಿದ ಸಾಕ್ಷಿಗಳಲ್ಲಿ ಮನ್ರೋ ಪ್ರಮುಖ. 1812ರಲ್ಲಿ ಹೊರಬಿದ್ದ ಐದನೆಯ ವರದಿ ರೈತವಾರಿಯ ಕಡೆಗೆ ವಾಲಿತು. 1814ರ ಮಾರ್ಚಿನಲ್ಲಿ ಜೇನ್ ಕ್ಯಾಂಬೆಲ್ಲಳನ್ನು ಮದುವೆಯಾಗಿ, ನ್ಯಾಯ ಮತ್ತು ಪೊಲೀಸು ವ್ಯವಸ್ಥೆಯ ಸುಧಾರಣೆಯ ಆಯೋಗದ ಮುಖ್ಯಸ್ಥನಾಗಿ ಮದರಾಸಿಗೆ ಮರಳಿದನು. 1816ರ ಕಾಯಿದೆಗಳಿಂದ ಪೊಲೀಸು ಮತ್ತು ಮ್ಯಾಜಿಸ್ಟ್ರೇಟರ ಅಧಿಕಾರಗಳು ಕಲೆಕ್ಟರನ ಕೈಗೆ ಬಂದವು. ಗ್ರಾಮ ಮುನ್ಸೀಫರಿಗೂ ಪಂಚಾಯಿತಿಗಳಿಗೂ ಸಣ್ಣ ವ್ಯಾಜ್ಯಗಳನ್ನು ಒಪ್ಪಿಸಲಾಯಿತು. ಕಂದಾಯ ಎತ್ತುವವನೇ ಶಿಕ್ಷೆ ಕೊಡುವವನೂ ಆದದ್ದರ ಫಲವನ್ನು ಮುಂದಿನ ತಲೆಮಾರು ಉಂಡಿತು. ಕಂದಾಯ ವಸೂಲಿಗಾಗಿ ಒಕ್ಕಲುಗಳನ್ನು ಬಿಸಿಲಲ್ಲಿ ನಿಲ್ಲಿಸುವುದು, ಬಗ್ಗಿಸಿ ಕಟ್ಟುವುದು ಮೊದಲಾದ ಹಿಂಸೆಗಳು ನಡೆಯುತ್ತಿದ್ದುದನ್ನು ಮದರಾಸಿನ ವಿಚಾರಣಾ ಆಯೋಗವೇ 1855ರಲ್ಲಿ ದಾಖಲಿಸಿತು.

1817–18ರ ಮರಾಠಾ ಯುದ್ಧದಲ್ಲಿ ಮನ್ರೋ ಮತ್ತೆ ಕತ್ತಿ ಹಿಡಿದನು. ಸಣ್ಣ ಪಡೆಯೊಂದಿಗೆ ಧಾರವಾಡವನ್ನು ನೆಲೆ ಮಾಡಿಕೊಂಡು ಗದಗ, ಬಾದಾಮಿ, ಬೆಳಗಾವಿ ಕೋಟೆಗಳನ್ನು ವಶಪಡಿಸಿಕೊಂಡನು. ಹಳ್ಳಿಗಳಿಗೆ ಅಮಲ್ದಾರರನ್ನು ಕಳುಹಿಸಿ, ಪೇಶ್ವೆಯ ಅಧಿಕಾರಿಗಳಿಗೆ ಕಂದಾಯ ಕೊಡದಂತೆ ಜನರನ್ನು ಒಲಿಸಿಕೊಂಡದ್ದು ಈ ದಂಡಯಾತ್ರೆಯ ವೈಶಿಷ್ಟ್ಯ. ಮುಂಬಯಿ ಕರ್ನಾಟಕದಲ್ಲಿ ಮುಂದೆ ನಡೆದ ಮೋಜಣಿ ವಿಂಗೇಟ್ ಮೊದಲಾದವರ ಕೆಲಸ. ಅದರ ಚರಿತ್ರೆ ಬೇರೆ.

ಗವರ್ನರ್ (1820–1827)

1820ರ ಜೂನಿನಲ್ಲಿ ಮದರಾಸಿನ ಗವರ್ನರನಾದೊಡನೆ ರೈತವಾರಿಯನ್ನು ಪ್ರಾಂತದ ಸಾಮಾನ್ಯ ಪದ್ಧತಿಯನ್ನಾಗಿ ಮಾಡಿದನು. ಹದಿಮೂರು ವರ್ಷ ಹಿಂದೆ ತಾನೇ ಕೇಳಿದ್ದ ನೂರಕ್ಕೆ 25ರ ಇಳಿತವನ್ನು ಬಳ್ಳಾರಿ, ಕಡಪ ಜಿಲ್ಲೆಗಳಿಗೆ ಕೊಟ್ಟನು. ಅಷ್ಟರಲ್ಲಿ ಗುತ್ತಿಗೆಯ ಕಾಲದಲ್ಲಿ ಊರು ಬಿಟ್ಟವರು ಬಿಟ್ಟಾಗಿತ್ತು. ಗೊತ್ತಾದ ದರ ಇನ್ನು ಏರಬಾರದೆಂಬುದು ಅವನ ಆಶಯವಾಗಿತ್ತೆಂದು ರಮೇಶಚಂದ್ರ ದತ್ತರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರೆದ ಆರ್ಥಿಕ ಚರಿತ್ರೆಯಲ್ಲಿ ತೋರಿಸಿ, ಮುಂದಿನ ಸರಕಾರಗಳು ಮೂವತ್ತು ವರ್ಷಕ್ಕೊಮ್ಮೆ ಕಂದಾಯವನ್ನು ಏರಿಸಿದ್ದನ್ನು ಖಂಡಿಸಿದ್ದಾರೆ. ಮನ್ರೋ ಬದುಕಿದ್ದರೂ ಬೊಕ್ಕಸದ ಒತ್ತಡವನ್ನು ತಡೆಯುತ್ತಿದ್ದನೆಂದು ಹೇಳಲು 1807ರ ಅನುಭವ ಅವಕಾಶ ಕೊಡುವುದಿಲ್ಲ.

1822ರ ಜೂನ್ 25ರಂದು ಪ್ರಾಂತದ ಎಲ್ಲ ಜಿಲ್ಲೆಗಳ ಶಾಲೆಗಳ ಲೆಕ್ಕ ತೆಗೆಯಲು ಅವನು ಆಜ್ಞಾಪಿಸಿದ್ದು ಶಿಕ್ಷಣದ ಇತಿಹಾಸದಲ್ಲಿ ಮರೆಯಬಾರದ ಸಂಗತಿ. ಬಂದ ಲೆಕ್ಕದಂತೆ ಸುಮಾರು ಒಂದು ಕೋಟಿ 28 ಲಕ್ಷ ಜನರಿಗೆ 12,498 ಶಾಲೆಗಳು, 1,88,650 ವಿದ್ಯಾರ್ಥಿಗಳಿದ್ದರು. ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್ 1823ರಲ್ಲಿ ಕಳುಹಿಸಿದ ವರದಿ ಇವುಗಳಲ್ಲಿ ಪ್ರಸಿದ್ಧ. ಆ ಜಿಲ್ಲೆಯ 533 ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು. ಉಳಿದವು ಮರಾಠಿ, ಸಂಸ್ಕೃತ, ಪಾರಸಿ, ತಮಿಳಿನವು, ಒಂದೇ ಒಂದು ಇಂಗ್ಲಿಷಿನದು. ಒಂಬತ್ತು ಲಕ್ಷಕ್ಕೆ ಮೀರಿದ ಜನಸಂಖ್ಯೆಗೆ ಓದುವ ಮಕ್ಕಳು 6,641 ಮಾತ್ರ. ಮೊದಲು ಶಾಲೆಗಳಿದ್ದ ಊರುಗಳಲ್ಲೇ ಈಗ ಶಾಲೆಗಳಿಲ್ಲ, ದೇಶ ಬಡವಾಗುತ್ತಿರುವುದೇ ಅದಕ್ಕೆ ಕಾರಣ, ಇಲ್ಲಿಯ ಹಣ ಹೊರಗೆ ಹರಿದುಹೋಗುತ್ತಿದೆ ಎಂದು ಕ್ಯಾಂಬೆಲ್ ಮುಚ್ಚುಮರೆಯಿಲ್ಲದೆ ತಿಳಿಸಿದನು. ಮನ್ರೋ ಇಪ್ಪತ್ತು ವರ್ಷ ಹಿಂದೆ ಕಂದಾಯವನ್ನು ಒಂದೂವರೆ ಪಟ್ಟು ಏರಿಸಿದ್ದ ಸೀಮೆಯಿಂದಲೇ ಈ ಮಾತು ಬಂದಿತು. 1826ರ ಮಾರ್ಚಿನ ಟಿಪ್ಪಣಿಯಲ್ಲಿ ಅವನು ಜಿಲ್ಲೆ, ತಾಲ್ಲೂಕುಗಳಲ್ಲಿ ಸರಕಾರಿ ಶಾಲೆಗಳನ್ನು ತೆರೆಯುವ ಯೋಜನೆಯನ್ನು ಮುಂದಿಟ್ಟನು.

1824ರ ಡಿಸೆಂಬರ್ 31ರ ದೀರ್ಘ ಟಿಪ್ಪಣಿಯಲ್ಲಿ ಭಾರತೀಯರನ್ನು ಉನ್ನತ ಹುದ್ದೆಗಳಿಂದ ದೂರವಿಡುವ ನೀತಿ ಜನಾಂಗವನ್ನೇ ಕುಗ್ಗಿಸುತ್ತದೆಂದು ವಾದಿಸಿದನು. ಮರುವರ್ಷ ಬರ್ಮಾ ಯುದ್ಧಕ್ಕೆ ನೀಡಿದ ನೆರವಿಗಾಗಿ ಬ್ಯಾರೊನೆಟ್ ಪದವಿ ದೊರೆಯಿತು. 1825ರ ಸೆಪ್ಟೆಂಬರಿನಲ್ಲಿ ಮೈಸೂರಿಗೆ ಬಂದು, ಸಂಸ್ಥಾನದ ಹಣಕಾಸು ಸರಿಪಡಿಸಿಕೊಳ್ಳದಿದ್ದರೆ ಕಂಪೆನಿ ಕೈಹಾಕಬೇಕಾದೀತೆಂದು ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಎಚ್ಚರಿಕೆ ಕೊಟ್ಟನು. ಐದು ವರ್ಷಗಳ ಬಳಿಕ ನಗರ ಸೀಮೆಯಲ್ಲಿ ಕಂದಾಯದ ಕಾರಣವಾಗಿಯೇ ರೈತರ ದಂಗೆಯೆದ್ದು, 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರರಿಗೆ ಹೋಯಿತು.

ಮರಣ

1827ರಲ್ಲಿ ಸ್ವದೇಶಕ್ಕೆ ಹೊರಡುವ ಮೊದಲು ದತ್ತ ಮಂಡಲವನ್ನು ಕೊನೆಯ ಬಾರಿ ನೋಡಬೇಕೆಂದು ಮನ್ರೋ ಸಂಚಾರ ಹೊರಟನು. ಹೆಂಡತಿ ಹಿಂದಿನ ವರ್ಷವೇ ಹಡಗು ಹತ್ತಿದ್ದಳು. ದಾರಿಯಲ್ಲಿ ಪರಿವಾರಕ್ಕೆ ಕಾಲರಾ ಹತ್ತಿತು. ಜುಲೈ 6ರಂದು ಇಂದಿನ ಕರ್ನೂಲು ಜಿಲ್ಲೆಯ ಪತ್ತಿಕೊಂಡದಲ್ಲಿ ಅದೇ ರೋಗದಿಂದ ತೀರಿಕೊಂಡನು. ಗುತ್ತಿಯಲ್ಲಿ ಸಮಾಧಿ ಮಾಡಿ, 1831ರಲ್ಲಿ ಅವಶೇಷಗಳನ್ನು ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಸೇಂಟ್ ಮೇರಿ ಚರ್ಚಿಗೆ ಸಾಗಿಸಿದರು.

ಜನರ ನೆನಪಿನಲ್ಲಿ

ಕಂದಾಯದ ಅಧಿಕಾರಿಯೊಬ್ಬನನ್ನು ಜನರು ಅಕ್ಕರೆಯಿಂದ ನೆನೆಯುವುದು ಅಪರೂಪ. ದತ್ತ ಮಂಡಲದಲ್ಲಿ ಬಹುಕಾಲ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಡುತ್ತಿದ್ದರು. ಮೇಲೆ ಹೇಳಿದ ಲೆಕ್ಕಗಳನ್ನು ನೋಡಿದವರಿಗೆ ಇದು ಆಶ್ಚರ್ಯವೆನಿಸಬಹುದು. ಪಾಳೆಯಗಾರರ ಸುಲಿಗೆ, ದಂಡುಗಳ ಓಡಾಟ ಇವುಗಳ ನಡುವೆ ಬದುಕಿದವರಿಗೆ ಇಷ್ಟೇ ಕೊಡಬೇಕು, ಇನ್ನು ಕೇಳುವವರಿಲ್ಲ ಎಂಬ ಕೈಚೀಟಿ ಸಿಕ್ಕಿದ್ದೇ ಸಮಾಧಾನವಾಗಿದ್ದಿರಬೇಕು. ತಾನೇ ಡೇರೆ ಹಾಕಿಕೊಂಡು ಊರೂರಿಗೆ ಬಂದು ಅಹವಾಲು ಕೇಳುವ ದೊರೆಯನ್ನು ಅವರು ಮೊದಲು ಕಂಡಿರಲೂ ಇಲ್ಲ.

ಕನ್ನಡಿಗರಲ್ಲಿ ಮನ್ರೋವಿನ ಹೆಸರು ಉಳಿದಿರುವುದು ಹೆಚ್ಚಾಗಿ ಮಂತ್ರಾಲಯದ ಐತಿಹ್ಯದಿಂದ. ಆಗ ಆದವಾನಿ ಸೀಮೆಗೆ ಸೇರಿದ್ದ ಆ ಗ್ರಾಮವು ಮಠದ ಇನಾಮು ಭೂಮಿ. ಇನಾಮುಗಳನ್ನು ತನಿಖೆ ಮಾಡಿ ಹಕ್ಕು ಸ್ಥಾಪಿತವಾಗದವನ್ನು ಕಂದಾಯಕ್ಕೆ ಒಳಪಡಿಸುವ ಕೆಲಸಕ್ಕೆ ಬಂದ ಮನ್ರೋವಿಗೆ ಬೃಂದಾವನದ ಎದುರು ರಾಘವೇಂದ್ರ ಸ್ವಾಮಿಗಳು ಪ್ರತ್ಯಕ್ಷರಾಗಿ ಮಾತನಾಡಿದರೆಂದೂ, ಜೊತೆಗಿದ್ದವರಿಗೆ ಅವರು ಕಾಣಿಸಲಿಲ್ಲವೆಂದೂ, ಆ ಬಳಿಕ ಗ್ರಾಮವು ಕಂದಾಯದಿಂದ ಮುಕ್ತವಾಗಿಯೇ ಉಳಿಯಿತೆಂದೂ ಪ್ರತೀತಿ. ಭಕ್ತರು ಪವಾಡವನ್ನು ನೆನೆಯುವ ಈ ಕಥೆಯ ತಳದಲ್ಲಿ ಒಂದು ಇನಾಮು ತನಿಖೆಯ ಕಡತವಿದೆ.

ಚೆನ್ನೈಯಲ್ಲಿ ಐಲ್ಯಾಂಡ್ ಮೈದಾನದ ಬಳಿ ಫ್ರಾನ್ಸಿಸ್ ಚಾಂಟ್ರಿ ರೂಪಿಸಿದ ಮನ್ರೋವಿನ ಅಶ್ವಾರೂಢ ಕಂಚಿನ ಪ್ರತಿಮೆ 1839ರಿಂದ ನಿಂತಿದೆ. ಕುದುರೆಗೆ ಜೀನೂ ಇಲ್ಲ, ರಿಕಾಬೂ ಇಲ್ಲ.